ಮೊದಲು ಕಟ್ಟುವುದು, ಆಮೇಲೆ ಓಡಿಸುವುದು

ಪಕ್ಕದ ಹಲಗೆಗಳಿಲ್ಲದ ಬಯಲು ಟ್ರೇಲರ್ ಓಡಿಸಲು ಹೊಸದಾಗಿ ಬರುವ ಹುಡುಗನಿಗೆ ಸ್ಟೀರಿಂಗ್ ಕೊಡುವ ಮುಂಚೆ ಒಂದು ಹಂಗಾಮು ಪೂರ್ತಿ ಮಾಲು ಹೇರುವುದನ್ನೂ ಕಟ್ಟುವುದನ್ನೂ ಕಲಿಸಬೇಕು. ಬೆಲ್ಟು, ಚೈನು, ಬೆಣೆಗಳನ್ನು ಮಾಲೀಕರೇ ಕೊಡಬೇಕು. ಕಟ್ಟು ಸರಿಯಿಲ್ಲ ಎಂದು ಕಂಡರೆ ಗಾಡಿ ಹೊರಡಿಸುವುದಿಲ್ಲ ಎನ್ನುವ ಹಕ್ಕು ಚಾಲಕನಿಗೆ ಇರಬೇಕು. ಯಾದಗಿರಿ, ಶಹಾಪುರ, ಸುರಪುರದ ಲಾರಿ ಮಂದಿಯ ನಡುವೆ ನಾನು ಈ ಮೂರು ಮಾತುಗಳನ್ನು ಹೇಳುತ್ತ ಬಂದಿದ್ದೇನೆ. ಒಪ್ಪಿದವರಿಗಿಂತ ಎದುರು ಹೇಳಿದವರೇ ಹೆಚ್ಚು. ಅವರಲ್ಲಿ ಮಾಲೀಕರಿದ್ದಾರೆ, ಅಡತ್ ಅಂಗಡಿಯವರಿದ್ದಾರೆ, ಕೂದಲು ಹಣ್ಣಾಗುವ ತನಕ ಗಾಡಿ ಓಡಿಸಿದ ಹಿರಿಯರಿದ್ದಾರೆ. ಯಾರೂ ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಆದರೆ ಆ ಮಾತು ನಂಬಿ ರಸ್ತೆಗಿಳಿಯುವ ಹುಡುಗನ ಬೆನ್ನ ಹಿಂದೆ ಇಪ್ಪತ್ತು ಟನ್ ಇರುತ್ತದೆ. ಆದ್ದರಿಂದ ಅವರ ಮಾತುಗಳನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರ ಕೊಡಬೇಕಾಗಿದೆ.

"ನಮ್ಮಪ್ಪನ ಕಾಲದಿಂದ ಹಗ್ಗದಾಗೇ ಕಟ್ಕೋತ ಬಂದೀವಿ, ಎಂದೂ ಏನೂ ಬಿದ್ದಿಲ್ಲ" ಎನ್ನುವುದು ಎಲ್ಲಕ್ಕಿಂತ ಮೊದಲು ಬರುವ ಮಾತು. ಅಪ್ಪನ ಕಾಲದ ಲಾರಿ ಯಾವುದು ಎಂದು ನಾನು ಕೇಳುತ್ತೇನೆ. ಅದು ಆರು ಚಕ್ರದ ಗಾಡಿ. ಸುತ್ತ ಎದೆಮಟ್ಟಕ್ಕೆ ಮರದ ಹಲಗೆ, ಮುಂದೆ ಕ್ಯಾಬಿನ್ ಗೋಡೆ, ಹಿಂದೆ ಸರಪಳಿ ಹಾಕಿದ ಬಾಗಿಲು. ಆ ಗಾಡಿಯಲ್ಲಿ ಮಾಲನ್ನು ಹಿಡಿದಿಟ್ಟದ್ದು ಹಲಗೆಗಳು. ಹಗ್ಗಕ್ಕೆ ಇದ್ದ ಕೆಲಸ ಹಲಗೆಯ ಮೇಲೆ ಎದ್ದು ನಿಂತ ಎರಡು ಸಾಲು ಚೀಲಗಳನ್ನು ಅದುಮಿ ಹಿಡಿಯುವುದಷ್ಟೇ. ಬಯಲು ಟ್ರೇಲರಿಗೆ ಗೋಡೆಯೇ ಇಲ್ಲ. ಕ್ರೇನಿಗೂ ಫೋರ್ಕ್‌ಲಿಫ್ಟಿಗೂ ಮೂರು ಕಡೆಯಿಂದ ದಾರಿ ಇರಲಿ ಎಂದೇ ಅದನ್ನು ಹಾಗೆ ಮಾಡಿದ್ದಾರೆ. ಅಲ್ಲಿ ಕಟ್ಟೇ ಗೋಡೆ. ಅದೇ ಹಗ್ಗ, ಅದೇ ಗಂಟು, ಅದೇ ಕೈ ಎಂದುಕೊಂಡು ಆ ಗಾಡಿಯಿಂದ ಈ ಗಾಡಿಗೆ ಬಂದವನು, ಹಲಗೆ ಮಾಡುತ್ತಿದ್ದ ಕೆಲಸವನ್ನೆಲ್ಲ ಹಗ್ಗದ ಮೇಲೆ ಹಾಕಿದ್ದಾನೆ ಎಂಬುದು ಅವನಿಗೇ ತಿಳಿದಿರುವುದಿಲ್ಲ.

ತೂಕವೂ ಮೊದಲಿನದಲ್ಲ. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹತ್ತು ಚಕ್ರದ ಲಾರಿಯ ಒಟ್ಟು ತೂಕದ ಮಿತಿಯನ್ನು 25 ಟನ್‌ನಿಂದ 28.5 ಟನ್‌ಗೆ, ಅತಿ ದೊಡ್ಡ ಟ್ರೇಲರುಗಳದ್ದನ್ನು 49ರಿಂದ 55 ಟನ್‌ಗೆ ಏರಿಸಿತು. ಹಗ್ಗವೂ ಮೊದಲಿನದಲ್ಲ. ಈಗ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಹಗ್ಗ ಎಳೆದಾಗ ಹಿಗ್ಗುತ್ತದೆ. ಮಾಲು ಸ್ವಲ್ಪ ಕುಸಿದರೂ ಬಿಗಿ ಹೋಗುತ್ತದೆ. ನಮ್ಮ ಬೇಸಿಗೆಯ ಬಿಸಿಲಲ್ಲಿ ಅದರ ಎಳೆಗಳು ಒಣಗಿ ಪುಡಿಯಾಗುತ್ತವೆ. ಗಂಟು ಹಾಕಿದ ಜಾಗದಲ್ಲಿ ಯಾವ ಹಗ್ಗವೇ ಆಗಲಿ ತನ್ನ ಶಕ್ತಿಯ ಮೂರನೇ ಒಂದು ಪಾಲು, ಕೆಲವು ಗಂಟುಗಳಲ್ಲಿ ಅರ್ಧದಷ್ಟು ಕಳೆದುಕೊಳ್ಳುತ್ತದೆ. ಹಿರಿಯರ ಕೈ ಮೇಲೆ ನನಗೆ ಗೌರವವಿದೆ. ಅವರು ಹಾಕುವ ಜಾರುಗಂಟನ್ನು ಇಂದಿನ ಹುಡುಗರು ಕಲಿಯಲೇಬೇಕು, ತಾಡಪತ್ರಿ ಬಿಗಿಯಲು ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ತಾಡಪತ್ರಿ ಬಿಗಿದರೆ ಮಾಲು ಕಟ್ಟಿದಂತೆ ಆಗುವುದಿಲ್ಲ. ತಾಡಪತ್ರಿ ಮಳೆ ಧೂಳಿಗೆ. ಅದರ ಕೆಳಗಿನ ಇಪ್ಪತ್ತು ಟನ್ನಿಗೆ ಬೇರೆಯದೇ ಕಟ್ಟು ಬೇಕು.

ಇನ್ನು ಎರಡನೆಯದು. ಎಲ್ಲಕ್ಕಿಂತ ಅಪಾಯದ ಮಾತು ಇದೇ, ಏಕೆಂದರೆ ಕೇಳಿದ ಕೂಡಲೇ ನಿಜವೆನಿಸುತ್ತದೆ. "ಭಾರ ಇದ್ದದ್ದು ಅಲ್ಲಾಡಂಗಿಲ್ಲ ಬಿಡ್ರಿ. ಇಪ್ಪತ್ತು ಟನ್ ಕಲ್ಲಿಗೆ ಕಟ್ಟು ಯಾಕ ಬೇಕು? ಅದರ ತೂಕಾನೇ ಅದನ್ನ ಹಿಡೀತದ."

ನಿಂತ ಗಾಡಿಯಲ್ಲಿ ಹಿಡಿಯುತ್ತದೆ, ಸರಿ. ಓಡುವ ಗಾಡಿ ನಿಂತಾಗ ಮಾಲನ್ನು ನಿಲ್ಲಿಸುವುದು ಯಾವುದು? ಚಕ್ರಕ್ಕೆ ಬ್ರೇಕಿದೆ, ಮಾಲಿಗೆ ಇಲ್ಲ. ಕಟ್ಟಿಲ್ಲದಿದ್ದರೆ ಮಾಲಿನ ತಳಕ್ಕೂ ಟ್ರೇಲರಿನ ಹಾಸಿಗೂ ನಡುವಿನ ಘರ್ಷಣೆಯೊಂದೇ ಅದನ್ನು ತಡೆಯಬೇಕು. ತೂಕ ಹೆಚ್ಚಾದಂತೆ ಈ ಹಿಡಿತ ಹೆಚ್ಚುತ್ತದೆ ಎಂಬುದು ನಿಜವೇ. ಆದರೆ ಬ್ರೇಕ್ ಹಾಕಿದಾಗ ಮಾಲು ಮುಂದಕ್ಕೆ ನುಗ್ಗುವ ನೂಕೂ ತೂಕದಷ್ಟೇ ಹೆಚ್ಚುತ್ತದೆ. ಎರಡೂ ಒಂದೇ ಅಳತೆಯಲ್ಲಿ ಏರುವುದರಿಂದ ತೂಕದ ಲಾಭ ಅಲ್ಲಿಗೇ ಕಳೆದುಹೋಯಿತು. ಎರಡು ಟನ್ ಜಾರುವ ಹಾಸಿನಲ್ಲಿ ಇಪ್ಪತ್ತು ಟನ್ನೂ ಜಾರುತ್ತದೆ. ವ್ಯತ್ಯಾಸವೆಂದರೆ ಇಪ್ಪತ್ತು ಟನ್ ಜಾರಿದರೆ ಕ್ಯಾಬಿನ್ ಉಳಿಯುವುದಿಲ್ಲ.

ಲೆಕ್ಕ ಹೇಳುತ್ತೇನೆ. ಯುರೋಪಿನ ನಿಯಮವಾಗಲಿ ಅಮೆರಿಕದ ನಿಯಮವಾಗಲಿ, ಜೋರು ಬ್ರೇಕಿನಲ್ಲಿ ಮಾಲು ತನ್ನ ತೂಕದ ಹತ್ತರಲ್ಲಿ ಎಂಟು ಪಾಲಿನಷ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ, ಪಕ್ಕಕ್ಕೂ ಹಿಂದಕ್ಕೂ ಐದು ಪಾಲಿನಷ್ಟು ಬಲದಿಂದ ಎಳೆಯುತ್ತದೆ ಎಂದು ಹಿಡಿಯುತ್ತವೆ. ಕಬ್ಬಿಣದ ಹಾಸಿನ ಮೇಲೆ ಕಬ್ಬಿಣ ಇಟ್ಟು, ನಡುವೆ ಧೂಳೋ ಎಣ್ಣೆಯೋ ಇದ್ದರೆ ಘರ್ಷಣೆ ತಡೆಯುವುದು ಹತ್ತರಲ್ಲಿ ಒಂದೆರಡು ಪಾಲು ಮಾತ್ರ. ಇಪ್ಪತ್ತು ಟನ್ ಮಾಲಿಗೆ ಹದಿನಾರು ಟನ್ ನೂಕು. ತಳದ ಹಿಡಿತ ಹೆಚ್ಚೆಂದರೆ ನಾಲ್ಕು ಟನ್. ಉಳಿದ ಹನ್ನೆರಡು ಟನ್ನನ್ನು ಕಟ್ಟು ಹಿಡಿಯಬೇಕು, ಇಲ್ಲವೆ ಮುಂದಿನ ತಡೆಗೋಡೆ ಹಿಡಿಯಬೇಕು. ಎರಡೂ ಇಲ್ಲದಿದ್ದರೆ ಚಾಲಕನ ಬೆನ್ನೇ ಹಿಡಿಯಬೇಕು.

ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಪರ್ಸಿ ಕಲ್ಲು ಹೇರಿದವರಿಗೆ ಇದು ಗೊತ್ತಿರಬೇಕು. ಕೊಯ್ದ ಕಲ್ಲಿನ ಮೇಲಿನ ಬಿಳಿ ಹಿಟ್ಟು ಒದ್ದೆಯಿದ್ದಾಗ ಹಲಗೆಗಳು ಒಂದರ ಮೇಲೊಂದು ಜಾರುತ್ತವೆ. ಕೆಳಗಿನ ಕಲ್ಲನ್ನು ಎಷ್ಟೇ ಚೆನ್ನಾಗಿ ಕೂರಿಸಿದರೂ ಮೇಲಿನದು ಹೊರಡುತ್ತದೆ.

ನಮ್ಮ ರಸ್ತೆಗಳಲ್ಲಿ ಊರಿಗೊಂದು ಹಂಪು ಇದೆ, ಬಣ್ಣ ಬಳಿಯದ ಹಂಪು. ಟ್ರೇಲರಿನ ಹಿಂದಿನ ಅಚ್ಚು ಅದರ ಮೇಲೆ ಹತ್ತಿ ಇಳಿಯುವಾಗ ಹಾಸು ಮಾಲಿನ ಕೆಳಗಿನಿಂದ ತಟ್ಟನೆ ಕುಸಿಯುತ್ತದೆ. ಆ ಕ್ಷಣ ಮಾಲು ಹಾಸಿನ ಮೇಲೆ ಊರುವ ಭಾರ ಅರ್ಧವೋ ಕಾಲೋ ಆಗುತ್ತದೆ, ಕೆಲವೊಮ್ಮೆ ಪೂರ್ತಿ ಇಲ್ಲವಾಗುತ್ತದೆ. ಅದರೊಂದಿಗೆ ಘರ್ಷಣೆಯೂ ಹೋಗುತ್ತದೆ. ಅದೇ ಕ್ಷಣದಲ್ಲಿ ಎದುರಿಗೆ ಎಮ್ಮೆ ಬಂತೆಂದು ಸ್ಟೀರಿಂಗ್ ಎಳೆದರೆ, ತನ್ನ ತೂಕದಿಂದಲೇ ನಿಲ್ಲುತ್ತದೆ ಎಂದು ನಂಬಿದ ಮಾಲಿಗೆ ಆಗ ತೂಕವೇ ಇರುವುದಿಲ್ಲ.

ಇದಕ್ಕೆ ಅವರು ತಕ್ಷಣ ಹೇಳುವುದು, "ಸಾವಕಾಶ ಹೋದ್ರ ಆತು." ಇಪ್ಪತ್ತು ಕಿಲೋಮೀಟರ್ ವೇಗ, ಅಂದರೆ ಸೈಕಲ್ ಹುಡುಗರು ಪಕ್ಕದಿಂದ ದಾಟಿ ಹೋಗುವಷ್ಟು ಸಾವಕಾಶ. ಆ ವೇಗದಲ್ಲಿ ಗಟ್ಟಿಯಾಗಿ ಬ್ರೇಕ್ ತುಳಿದರೆ ಲಾರಿ ಸುಮಾರು ಮೂರು ಮೀಟರಿನಲ್ಲಿ ನಿಲ್ಲುತ್ತದೆ. ಕಟ್ಟಿಲ್ಲದ ಕಬ್ಬಿಣದ ತೊಲೆಗೆ ನಿಲ್ಲಲು ಏಳೂವರೆ ಮೀಟರ್ ಬೇಕು. ಅಂದರೆ ಲಾರಿ ನಿಂತ ಮೇಲೂ ತೊಲೆ ನಾಲ್ಕೂವರೆ ಮೀಟರ್ ಮುಂದಕ್ಕೆ ಹೋಗುತ್ತದೆ. ಕ್ಯಾಬಿನ್ನಿನ ಉದ್ದ ಅದಕ್ಕಿಂತ ಕಡಿಮೆ. ನಲವತ್ತು ಕಿಲೋಮೀಟರ್ ವೇಗದಲ್ಲಿ ಈ ಜಾರು ನಾಲ್ಕು ಪಟ್ಟಾಗುತ್ತದೆ, ಯಾಕೆಂದರೆ ವೇಗ ಎರಡರಷ್ಟಾದರೆ ನಿಲ್ಲುವ ದೂರ ನಾಲ್ಕರಷ್ಟು. ಸಾವಕಾಶ ಹೋಗುವುದು ಒಳ್ಳೆಯದೇ, ನಾನೂ ಅದನ್ನೇ ಹೇಳುತ್ತೇನೆ. ಆದರೆ ಕಟ್ಟಿನ ಬದಲು ಸಾವಕಾಶ ಆಗುವುದಿಲ್ಲ.

ಮೂರನೆಯ ಆಕ್ಷೇಪ ಹತ್ತಿ, ಹುಲ್ಲಿನವರದು. "ಕಲ್ಲು ಕಬ್ಬಿಣದ ಮಾತು ಬ್ಯಾರೆ. ನಮ್ಮದು ಹಗುರ ಮಾಲು. ಹೊಲದಿಂದ ಮಿಲ್ಲಿಗೆ ಹೋಗ್ಲಾಕ ಎಷ್ಟು ದೂರ?"

ಶಹಾಪುರದ ಜಿನ್ನಿಂಗ್ ಮಿಲ್ಲಿನಿಂದ ಹೊರಡುವ ಒತ್ತಿದ ಅಂಡಿಗೆಯೊಂದರ ತೂಕ ಸುಮಾರು 170 ಕಿಲೋ. ನೂರು ಅಂಡಿಗೆ ಹೇರಿದರೆ 17 ಟನ್. ಇದು ಹಗುರ ಮಾಲಲ್ಲ. ಅಂಡಿಗೆಯನ್ನು ಎತ್ತರಕ್ಕೆ ಒಟ್ಟುವುದರಿಂದ ಭಾರದ ನಡುಬಿಂದು ಮೇಲೇರುತ್ತದೆ. ತಿರುವಿನಲ್ಲಿ ಮೇಲಿನ ಸಾಲು ಹೊರಕ್ಕೆ ವಾಲಿದರೆ ಬೀಳುವುದು ಒಂದು ಅಂಡಿಗೆಯಲ್ಲ, ಒಂದು ಮಗ್ಗುಲು. ಪಕ್ಕದಲ್ಲಿ ಬೈಕಿನ ಮೇಲೆ ಹೆಂಡತಿ ಮಗುವನ್ನು ಕೂರಿಸಿಕೊಂಡು ಹೋಗುವವನಿಗೆ 170 ಕಿಲೋ ಎಷ್ಟು ಹಗುರ ಎಂದು ಹೇಳುವ ಧೈರ್ಯ ನನಗಿಲ್ಲ.

ಬಿಡಿ ಹತ್ತಿ, ಭತ್ತದ ಹುಲ್ಲಿನ ಕಷ್ಟ ಬೇರೆ. ಅವು ತೂಕದಲ್ಲಿ ಕಡಿಮೆ, ಗಾತ್ರದಲ್ಲಿ ವಿಪರೀತ. ಬಾಡಿಗೆ ಗಿಟ್ಟಬೇಕೆಂದು ಎರಡೂ ಕಡೆ ಹೊರಕ್ಕೆ ಚಾಚಿ, ಮೇಲಕ್ಕೆ ಒಟ್ಟಿ, ಇಡೀ ರಸ್ತೆಯನ್ನು ತುಂಬಿಕೊಂಡು ಹೋಗುತ್ತಾರೆ. ಕೇಂದ್ರ ಮೋಟಾರು ವಾಹನ ನಿಯಮ ಗಾಡಿಗೆ ಕೊಟ್ಟ ಅಗಲ 2.6 ಮೀಟರ್. ಹುಲ್ಲಿನ ಗಾಡಿ ಅದರ ಎರಡರಷ್ಟಾಗಿ ಹೊರಟರೆ ಚಾಲಕನಿಗೆ ಕನ್ನಡಿಯಲ್ಲಿ ಹಿಂದಿನದು ಏನೂ ಕಾಣುವುದಿಲ್ಲ. ರಸ್ತೆ ದಾಟುವ ವಿದ್ಯುತ್ ತಂತಿ ಕಡಿಮೆ ಒತ್ತಡದ್ದಾದರೆ ನೆಲದಿಂದ 5.8 ಮೀಟರ್, ಹೆಚ್ಚು ಒತ್ತಡದ್ದಾದರೆ 6.1 ಮೀಟರ್ ಮೇಲಿರಬೇಕು ಎಂಬುದು ಹಳೆಯ ನಿಯಮ. ಹಳ್ಳಿಯ ದಾರಿಯಲ್ಲಿ ತಂತಿ ಜೋತುಬಿದ್ದಿರುವುದೇ ಹೆಚ್ಚು. ಹುಲ್ಲು ತಂತಿಗೆ ತಗುಲಿ ಗಾಡಿ ಸಮೇತ ಸುಟ್ಟ ಸುದ್ದಿ ಕೊಯ್ಲಿನ ಕಾಲದಲ್ಲಿ ಎಷ್ಟು ಸಲ ಓದಿದ್ದೇವೆ! ಅದರ ದೂರವೂ ಊರ ಮಗ್ಗುಲಿನದೇ, ಹೊಲದಿಂದ ಕಣಕ್ಕೆ, ಕಣದಿಂದ ಕೊಟ್ಟಿಗೆಗೆ. ದೂರ ಕಡಿಮೆಯಾದಷ್ಟೂ ಕಟ್ಟುವ ಮನಸ್ಸು ಕಡಿಮೆಯಾಗುತ್ತದೆ, ಅದೇ ಆ ದಾರಿಯ ಅಪಾಯ.

ಇದರ ಬೆನ್ನಿಗೇ ಬರುವ ಇನ್ನೊಂದು ಮಾತನ್ನು ಸುಮ್ಮನೆ ಬಿಡಲಾಗದು. "ಮ್ಯಾಲೆ ನಾಕು ಮಂದಿ ಕೂತ್ರ ಮಾಲು ಅಲ್ಲಾಡಂಗಿಲ್ಲ" ಎಂದು ಹಮಾಲರನ್ನು, ಹತ್ತಿ ಬಿಡಿಸುವ ಹೆಣ್ಣುಮಕ್ಕಳನ್ನು ಮಾಲಿನ ಮೇಲೆ ಹತ್ತಿಸುತ್ತಾರೆ. ಮನುಷ್ಯರು ಕಟ್ಟು ಅಲ್ಲ. 2025ರ ಜನವರಿ 22ರ ನಸುಕಿನಲ್ಲಿ ಯಲ್ಲಾಪುರದ ಘಟ್ಟದಲ್ಲಿ ಆದದ್ದನ್ನು ಯಾರೂ ಮರೆಯಬಾರದು. ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು ತರಕಾರಿ ಹೇರಿಕೊಂಡು ಹೊರಟ ಲಾರಿ ಕಂದಕಕ್ಕೆ ಉರುಳಿತು. ಮಾಲಿನ ಜೊತೆ ಲಾರಿಯಲ್ಲಿದ್ದ ವ್ಯಾಪಾರಿಗಳಲ್ಲಿ ಹತ್ತು ಮಂದಿ ಸತ್ತರು. ಬಡವರು ಬಸ್ಸಿನ ದುಡ್ಡು ಉಳಿಸಲು ಮಾಲಿನ ಜೊತೆ ಕೂರುತ್ತಾರೆ, ನಾವು ಕಟ್ಟುವ ಸಮಯ ಉಳಿಸಲು ಅವರನ್ನು ಕೂರಿಸುತ್ತೇವೆ. ಹತ್ತಿ ಬಿಡಿಸಿ ದಣಿದ ಹೆಣ್ಣುಮಗಳು ಮನೆಗೆ ಹೋಗಲು ಬೇರೆ ಗಾಡಿ ಮಾಡಿಕೊಡುವುದು ಹೊಲದ ಸಾಹುಕಾರರ ಕೆಲಸ. ಅದರ ಖರ್ಚು ಕೂಲಿಯ ಲೆಕ್ಕದಲ್ಲೇ ಬರಬೇಕು.

"ಕಟ್ಟೋದು ಹಮಾಲರ ಕೆಲಸರೀ, ಡ್ರೈವರ್‌ದು ಓಡಿಸೋದಷ್ಟೇ." ಇದನ್ನು ಹೇಳುವವರಲ್ಲಿ ಚಾಲಕರೇ ಹೆಚ್ಚು. ಅದರ ಹಿಂದಿನ ಸಂಕಟ ನನಗೆ ಅರ್ಥವಾಗುತ್ತದೆ. ರಾತ್ರಿಯೆಲ್ಲ ಓಡಿಸಿ ಬಂದವನು ಎಪಿಎಂಸಿ ಅಂಗಳದಲ್ಲಿ ಎರಡು ತಾಸು ಕಣ್ಣು ಮುಚ್ಚುತ್ತಾನೆ, ಅಷ್ಟರಲ್ಲಿ ಹಮಾಲರು ತುಂಬಿ ಕಟ್ಟಿ ಎಬ್ಬಿಸುತ್ತಾರೆ. ಆದರೆ ಹಮಾಲರಿಗೆ ಕೂಲಿ ಸಿಗುವುದು ಚೀಲದ ಲೆಕ್ಕದಲ್ಲಿ, ಕಟ್ಟಿನ ಲೆಕ್ಕದಲ್ಲಲ್ಲ. 75 ಕಿಲೋ ಭತ್ತದ ಚೀಲವನ್ನು ಬೆನ್ನ ಮೇಲೆ ಹೊತ್ತು ಹಲಗೆ ಏರಿದವನು ಬೇಗ ಮುಗಿಸಿ ಮುಂದಿನ ಲಾರಿಗೆ ಹೋಗಬೇಕು, ಇಲ್ಲದಿದ್ದರೆ ಅವನ ಒಲೆ ಉರಿಯುವುದಿಲ್ಲ. ಲಾರಿ ಯಾವ ದಾರಿ ಹಿಡಿಯುತ್ತದೆ, ಯಾವ ಘಟ್ಟ ಇಳಿಯುತ್ತದೆ ಎಂಬುದು ಅವನಿಗೆ ಗೊತ್ತಿಲ್ಲ. ಅದು ಗೊತ್ತಿರುವವನು ಚಾಲಕ. ಮಾಲು ಜಾರಿದರೆ ಮೊದಲು ಸಾಯುವವನೂ ಅವನೇ. ಹಮಾಲರು ಕಟ್ಟಲಿ, ಆದರೆ ಸುತ್ತ ಒಂದು ಬಾರಿ ನಡೆದು, ಪ್ರತಿ ಕಟ್ಟನ್ನೂ ಕೈಯಿಂದ ಎಳೆದು ನೋಡಿ, ಸರಿ ಎನ್ನುವವನು ಚಾಲಕನಾಗಿರಬೇಕು.

ಕಾನೂನಂತೂ ಈ ಜಗಳಕ್ಕೆ ಆಸ್ಪದವನ್ನೇ ಇಟ್ಟಿಲ್ಲ. 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯ 194(1ಎ) ಕಲಮು, ಮಾಲು ಪಕ್ಕಕ್ಕೆ, ಮುಂದಕ್ಕೆ, ಹಿಂದಕ್ಕೆ ಅಥವಾ ಮಿತಿ ಮೀರಿ ಮೇಲಕ್ಕೆ ಚಾಚಿದ್ದರೆ ಗಾಡಿ ಓಡಿಸಿದವನನ್ನು, ಓಡಿಸಲು ಹಚ್ಚಿದವನನ್ನು, ಓಡಿಸಲು ಬಿಟ್ಟವನನ್ನು ಮೂವರನ್ನೂ ಹೊಣೆ ಮಾಡುತ್ತದೆ. ಕೇಂದ್ರ ಕಾಯ್ದೆ ಬರೆದ ದಂಡ 20,000 ರೂಪಾಯಿ. ಅದರ ಮೇಲೆ ಇಳಿಸುವ ಖರ್ಚು. ಮಾಲನ್ನು ಸರಿಮಾಡುವ ತನಕ ಗಾಡಿ ಕದಲುವಂತಿಲ್ಲ. ಓಡಿಸಲು ಹಚ್ಚಿದವ ಎಂದರೆ ಮಾಲೀಕ. ಇನ್ನೂ ಎರಡು ಸಾಲು ಹೇರು ಎಂದು ಒತ್ತಾಯಿಸಿದ ವ್ಯಾಪಾರಿಯೂ ತಾನು ಹೊರಗಿನವನೆಂದು ಸುಮ್ಮನಿರಬಾರದು.

"ಬೆಲ್ಟು, ಚೈನು ಅಂತ ಕೂತ್ರ ಬಾಡಗಿ ಎಲ್ಲಿ ಉಳೀತದ?" ಡೀಸೆಲ್, ಟೋಲು, ಕಂತು ಕಟ್ಟಿ ಸಣ್ಣ ಮಾಲೀಕನ ಕೈಯಲ್ಲಿ ಉಳಿಯುವುದು ಎಷ್ಟು ಎಂಬುದು ನನಗೆ ಗೊತ್ತು. ಹಾಗಿದ್ದರೂ ಎಂಟು ಒಳ್ಳೆಯ ಬೆಲ್ಟುಗಳ ಬೆಲೆ ಒಂದು ಹೊಸ ಟೈರಿನ ಬೆಲೆಗಿಂತ ಕಡಿಮೆ. ಟೈರು ಸವೆದರೆ ಯಾವ ಮಾಲೀಕನೂ ಬಾಡಿಗೆ ಉಳಿಯುವುದಿಲ್ಲ ಎಂದು ಹಾಗೇ ಓಡಿಸುವುದಿಲ್ಲ, ಸಾಲ ಮಾಡಿಯಾದರೂ ಹಾಕಿಸುತ್ತಾನೆ. ಬೆಲ್ಟನ್ನೂ ಆ ಪಟ್ಟಿಗೆ ಸೇರಿಸಿ ಎಂದಷ್ಟೇ ನನ್ನ ಬೇಡಿಕೆ. ಕಲ್ಲಿನ ಅಂಚಿಗೆ ಹಳೆಯ ಟೈರಿನ ತುಂಡು ಇಟ್ಟು ಅದರ ಮೇಲೆ ಬೆಲ್ಟು ಎಳೆದರೆ ಬೆಲ್ಟು ಕೊಯ್ಯುವುದಿಲ್ಲ, ವರ್ಷಗಟ್ಟಲೆ ಬಾಳುತ್ತದೆ. ಆ ತುಂಡಿಗೆ ಖರ್ಚೇ ಇಲ್ಲ.

ಈಗ ನನ್ನನ್ನು ಹೆಚ್ಚು ನೋಯಿಸಿದ ಮಾತಿಗೆ ಬರುತ್ತೇನೆ. "ಕಟ್ಟೋದ್ರಾಗ ಕಲೀಲಾಕ ಏನದ? ಎರಡು ದಿನದಾಗ ಬರ್ತದ. ಅದಕ್ಕೊಂದು ಹಂಗಾಮು ಯಾಕ ಹಾಳು ಮಾಡಬೇಕು?"

ದೊಡ್ಡ ಗಾಡಿಯ ಲೈಸೆನ್ಸ್ ಪರೀಕ್ಷೆಯಲ್ಲಿ ರಿವರ್ಸ್ ಮಾಡಿಸುತ್ತಾರೆ, ಗೇರು ಬದಲಿಸುವುದನ್ನು ನೋಡುತ್ತಾರೆ, ರಸ್ತೆಯ ಚಿಹ್ನೆ ಕೇಳುತ್ತಾರೆ. ಈ ಮಾಲು ಕಟ್ಟಿ ತೋರಿಸು ಎಂದು ಯಾರೂ ಕೇಳುವುದಿಲ್ಲ. ಹಾಗಾಗಿ ಲೈಸೆನ್ಸ್ ಕೈಗೆ ಬಂದವನಿಗೆ ತಾನು ಕಲಿತಾಯಿತು ಎಂದೇ ಅನಿಸುತ್ತದೆ. ಅವನಿಗೆ ಏನೇನು ಗೊತ್ತಿರುವುದಿಲ್ಲ ಎಂಬುದನ್ನು ಹೇಳುತ್ತೇನೆ.

ಮಾಲನ್ನು ಎಲ್ಲಿ ಇಡಬೇಕು ಎಂಬುದು ಮೊದಲನೆಯ ಪಾಠ. ಭಾರವೆಲ್ಲ ಹಿಂದಕ್ಕೆ ಬಿದ್ದರೆ ಮುಂದಿನ ಎಂಜಿನ್ ಗಾಡಿಯ ಚಕ್ರಕ್ಕೆ ಹಿಡಿತ ತಪ್ಪುತ್ತದೆ, ಸ್ಟೀರಿಂಗ್ ಹಗುರಾಗುತ್ತದೆ. ಭಾರವೆಲ್ಲ ಮುಂದಕ್ಕೆ ಬಿದ್ದರೆ ಒಂದು ಅಚ್ಚಿನ ಮೇಲೆ ಮಿತಿ ಮೀರುತ್ತದೆ. ಕಾಟಾದಲ್ಲಿ ಒಟ್ಟು ತೂಕ ಸರಿಯಿದ್ದರೂ ಆ ಅಚ್ಚು, ಆ ಟೈರು ಸೋಲುತ್ತವೆ. ಮಾಲು ಮುಂದಿನ ತಡೆಗೋಡೆಗೆ ಒತ್ತಿಕೊಂಡಿರಬೇಕು, ನಡುವೆ ಸಂದು ಬಿಡಬಾರದು. ಸಂದಿನಲ್ಲಿ ಜಾರಿ ವೇಗ ಪಡೆದ ಮಾಲಿಗೆ ಗೋಡೆ ನಿಲ್ಲುವುದಿಲ್ಲ. ಅಚ್ಚಿನ ಲೆಕ್ಕಕ್ಕಾಗಿ ಸಂದು ಬಿಡಲೇಬೇಕಾದರೆ ಅಲ್ಲಿ ಮರದ ದಿಮ್ಮಿ ತುಂಬಬೇಕು.

ಕಟ್ಟು ಎಷ್ಟು ಬೇಕು ಎಂಬುದು ಎರಡನೆಯದು. ಅಮೆರಿಕದ ನಿಯಮವನ್ನು ನಾನು ಹುಡುಗರಿಗೆ ಹೇಳಿಕೊಡುವುದು ಅದು ನೆನಪಿಡಲು ಸುಲಭ ಎಂದು. ಮುಂದೆ ತಡೆ ಇಲ್ಲದ ಉದ್ದನೆಯ ಮಾಲಿಗೆ ಮೊದಲ ಹತ್ತು ಅಡಿಗೆ ಎರಡು ಕಟ್ಟು, ಆಮೇಲಿನ ಪ್ರತಿ ಹತ್ತು ಅಡಿಗೆ ಇನ್ನೊಂದು. ಎಲ್ಲ ಕಟ್ಟುಗಳ ಬಳಕೆಯ ಶಕ್ತಿ ಸೇರಿ ಮಾಲಿನ ತೂಕದ ಅರ್ಧಕ್ಕೆ ಕಡಿಮೆ ಆಗಬಾರದು. ಇಪ್ಪತ್ತು ಟನ್ನಿಗೆ ಹತ್ತು ಟನ್, ಎರಡೂವರೆ ಟನ್ನಿನ ಬೆಲ್ಟಾದರೆ ನಾಲ್ಕು. ನಲವತ್ತು ಅಡಿ ಉದ್ದವಿದ್ದರೆ ಐದು. ಎರಡು ಲೆಕ್ಕದಲ್ಲಿ ಯಾವುದು ಹೆಚ್ಚೋ ಅದು, ಮತ್ತು ಅದು ಕನಿಷ್ಠ. ಬೆಲ್ಟಿನ ಚೀಟಿಯ ಮೇಲೆ ಎರಡು ಅಂಕಿ ಇರಬಹುದು. ಹರಿಯುವ ಭಾರವನ್ನಲ್ಲ, ಬಳಸಬಹುದಾದ ಭಾರವನ್ನು ಓದಬೇಕು. ಚೀಟಿಯೇ ಇಲ್ಲದ ಬೆಲ್ಟು ಕೊಳ್ಳಬಾರದು. ತುಂಡಾದ ಬೆಲ್ಟಿಗೆ ಗಂಟು ಹಾಕಿ ಬಳಸಬಾರದು.

ಮೂರನೆಯದು ಓರೆ. ಮಾಲಿನ ಮೇಲಿಂದ ಹಾಕಿದ ಬೆಲ್ಟು ಹಾಸಿಗೆ ನೇರ ಇಳಿದರೆ ಎಳೆದ ಬಲವೆಲ್ಲ ಮಾಲನ್ನು ಕೆಳಕ್ಕೆ ಅದುಮುತ್ತದೆ. ಅದೇ ಬೆಲ್ಟು ಹಾಸಿಗೆ 30 ಡಿಗ್ರಿ ಓರೆಯಾಗಿ ಹೋದರೆ ಅದುಮುವುದು ಅರ್ಧ ಬಲ ಮಾತ್ರ. ಎತ್ತರ ಕಡಿಮೆಯಿರುವ ಪೈಪು, ಸರಳು, ತೊಲೆಗಳ ಮೇಲೆ ಬೆಲ್ಟು ಮಲಗಿಕೊಂಡೇ ಇರುತ್ತದೆ. ನೋಡಲು ಬಿಗಿ, ಹಿಡಿತ ಇಲ್ಲ. ಅಂಥ ಮಾಲಿಗೆ ಬೆಲ್ಟನ್ನು ಸುತ್ತು ಹಾಕಿ ಎಳೆಯಬೇಕು, ಕೆಳಗೆ ರಬ್ಬರ್ ಹಾಸಬೇಕು. ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವೆ ರಬ್ಬರ್ ಹಾಳೆ ಇಟ್ಟರೆ ಘರ್ಷಣೆ ಮೂರು ಪಟ್ಟಾಗುತ್ತದೆ. ದುಂಡನೆಯ ಮಾಲಿಗೆ ಬೆಣೆ ಬೇಕು, ಬೆಣೆಯನ್ನು ಹಾಸಿನ ಮೇಲೆ ಅಲುಗದಂತೆ ಕೂರಿಸಬೇಕು.

ಯಂತ್ರಗಳದ್ದು ಇನ್ನೊಂದು ಪಾಠ. ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕೆ ಬರುವ ಯಂತ್ರ, ಕಾಲುವೆ ಕೆಲಸದ ಜೆಸಿಬಿ, ಸುರಪುರ ಹುಣಸಗಿಯ ಗದ್ದೆಗಳಿಗೆ ಕೊಯ್ಲಿನ ಹೊತ್ತಿಗೆ ಲಾರಿ ಮೇಲೆ ಬರುವ ಕಟಾವು ಯಂತ್ರ, ಇವುಗಳಲ್ಲಿ ಹಲವು ಚಕ್ರ ಇರುವ ಮಾಲು. ಮಾಮೂಲಿ ಜೆಸಿಬಿಯೊಂದು ಏಳೂವರೆ ಟನ್ ತೂಗುತ್ತದೆ. ಹ್ಯಾಂಡ್ ಬ್ರೇಕ್ ಹಾಕಿ, ಬಕೆಟ್ ಹಾಸಿಗೆ ಊರಿಸಿ, ನಾಲ್ಕು ಮೂಲೆಗೆ ನಾಲ್ಕು ಚೈನು ಹಾಕಬೇಕು. ಚೈನನ್ನು ಬಕೆಟಿಗಾಗಲಿ ಆಯಿಲ್ ಪೈಪಿನ ತೋಳಿಗಾಗಲಿ ಕಟ್ಟಬಾರದು, ಅಚ್ಚಿಗೆ ಅಥವಾ ಕಟ್ಟಲೆಂದೇ ಕೊಟ್ಟ ಕೊಂಡಿಗೆ ಕಟ್ಟಬೇಕು. ಟೈರು ಮೆತ್ತಗಿರುವುದರಿಂದ ಯಂತ್ರ ದಾರಿಯುದ್ದಕ್ಕೂ ಕುಣಿಯುತ್ತದೆ, ಒಂದೊಂದು ಕುಣಿತಕ್ಕೂ ಚೈನು ಸಡಿಲವಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಪಾಠ ಹೊರಟ ಮೇಲಿನದು. ಯಾವ ಮಾಲೇ ಇರಲಿ, ಹೊರಟ ಮೊದಲ ಹತ್ತು ಹದಿನೈದು ಕಿಲೋಮೀಟರಿನಲ್ಲಿ ಕುಲುಕಿ ಕೂತುಕೊಳ್ಳುತ್ತದೆ, ಬೆಲ್ಟು ಸಡಿಲಾಗುತ್ತದೆ. ಶಹಾಪುರದಿಂದ ಸುರಪುರದ ಕಡೆ ಹೊರಟವನು ಹತ್ತಿಗೂಡೂರಿನಲ್ಲಿ, ಯಾದಗಿರಿಯ ಕಡೆ ಹೊರಟವನು ದೋರನಹಳ್ಳಿಯಲ್ಲಿ, ಸುರಪುರದಿಂದ ಲಿಂಗಸುಗೂರಿನ ಕಡೆ ಹೊರಟವನು ತಿಂಥಣಿ ಸೇತುವೆಗೆ ಮುಂಚೆ ಒಮ್ಮೆ ಇಳಿಯಬೇಕು. ಚಹಾಕ್ಕಂತೂ ಅಲ್ಲಿ ನಿಲ್ಲುತ್ತಾರೆ. ಚಹಾ ಕುಡಿಯುವ ಮುಂಚೆ ಗಾಡಿ ಸುತ್ತಿ ಬಂದು ಬೆಲ್ಟು ಬಿಗಿಯುವ ಪ್ರತಿ ರ‍್ಯಾಚೆಟ್ಟನ್ನೂ ಇನ್ನೆರಡು ಹಲ್ಲು ಬಿಗಿಯಬೇಕು.

ಇದೆಲ್ಲ ಎರಡು ದಿನದಲ್ಲಿ ಕಿವಿಗೆ ಬೀಳುತ್ತದೆ, ಕೈಗೆ ಬರುವುದಿಲ್ಲ. ನವೆಂಬರಿನಲ್ಲಿ ಭತ್ತ, ಡಿಸೆಂಬರಿನಲ್ಲಿ ತೊಗರಿ, ಅದರುದ್ದಕ್ಕೂ ಹತ್ತಿ, ನಡುನಡುವೆ ಕಲ್ಲು, ಕಬ್ಬಿಣ. ಒಂದು ಹಂಗಾಮು ಎಂದು ನಾನು ಹೇಳುವುದು ಈ ಎಲ್ಲ ಮಾಲೂ ಒಂದೊಂದು ಬಾರಿಯಾದರೂ ಅವನ ಕೈ ದಾಟಿ ಹೋಗಲಿ ಎಂದು.

"ಮೊದಲು ರಸ್ತೆ ಸರಿ ಮಾಡ್ರಿ" ಎನ್ನುವವರ ಜೊತೆ ನಾನೂ ಇದ್ದೇನೆ. ಕರಿಮಣ್ಣಿನ ಮೇಲೆ ಹಾಕಿದ ರಸ್ತೆಯ ಅಂಚು ಮಳೆಗಾಲದಲ್ಲಿ ಕುಸಿಯುತ್ತದೆ, ಗಾಡಿ ಒಂದು ಮಗ್ಗುಲಿಗೆ ವಾಲುತ್ತದೆ. ಅದಕ್ಕಾಗಿ ಕೂಗಬೇಕು, ಅರ್ಜಿ ಕೊಡಬೇಕು. ಆದರೆ ಕೆಟ್ಟ ರಸ್ತೆ ಕಟ್ಟು ಬೇಡ ಎನ್ನಲು ಕಾರಣವಾಗುವುದು ಹೇಗೆ? ಗಾಡಿ ವಾಲುವ ದಾರಿಯಲ್ಲೇ ಕಟ್ಟು ಗಟ್ಟಿಯಾಗಿರಬೇಕು.

ನಿಯಮ ಹೆಚ್ಚಾದಷ್ಟೂ ದಾರಿಯಲ್ಲಿ ಕೈ ಚಾಚುವವರು ಹೆಚ್ಚುತ್ತಾರೆ ಎಂಬ ದೂರಿಗೆ ನನ್ನ ಉತ್ತರ ಚಿಕ್ಕದು. ನಾನು ಹೊಸ ನಿಯಮ ಕೇಳುತ್ತಿಲ್ಲ. ಹಿಂದಕ್ಕೆ ಒಂದು ಮೀಟರ್ ತನಕ ಸರಳು ಚಾಚಲು ಬಿಡುತ್ತಿದ್ದ ರಿಯಾಯಿತಿಯನ್ನು ಕೇಂದ್ರ ಸರ್ಕಾರ 2014ರಲ್ಲೇ ತೆಗೆದುಹಾಕಿದೆ. ತುದಿಗೆ ಕೆಂಪು ಬಟ್ಟೆ ಕಟ್ಟಿ ಹೊರಡುವವರು ಇಂದಿಗೂ ಇದ್ದಾರೆ. ರಾತ್ರಿ ಹಿಂದಿನಿಂದ ಬರುವ ಬೈಕಿನವನ ಕಣ್ಣಿಗೆ ಆ ಬಟ್ಟೆ ಕಾಣುವುದಿಲ್ಲ, ಸರಳು ಎದೆಗೆ ತಾಗಿದ ಮೇಲೇ ತಿಳಿಯುವುದು. ಇರುವ ನಿಯಮದ ಪ್ರಕಾರ ಹೇರಿ ಕಟ್ಟಿದ ಗಾಡಿಯ ಚಾಲಕನಿಗೆ ಯಾರ ಮುಂದೆಯೂ ತಲೆ ತಗ್ಗಿಸುವ ಕಾರಣವಿರುವುದಿಲ್ಲ.

ಕೊನೆಯ ಆಕ್ಷೇಪ ಮಾಲೀಕರದು. "ಇಷ್ಟೆಲ್ಲ ಕಲಿಸ್ತೀನಿ, ಒಂದು ಹಂಗಾಮು ಕ್ಲೀನರ್ ಆಗಿರು ಅಂದ್ರ ಯಾವ ಹುಡುಗ ಬರ್ತಾನ? ಈಗೇ ಡ್ರೈವರ್ ಸಿಗಲಾರದಂಗ ಆಗ್ಯದ." ಚಾಲಕರ ಕೊರತೆ ನಿಜ. ಆದರೆ ಹುಡುಗರು ಈ ಕೆಲಸ ಬಿಟ್ಟು ಬೆಂಗಳೂರು, ಪುಣೆಯ ದಾರಿ ಹಿಡಿಯುತ್ತಿರುವುದು ಕಲಿಸುತ್ತಾರೆ ಎಂಬ ಭಯಕ್ಕಲ್ಲ. ಕಲಿಯುವ ಹಂಗಾಮಿನಲ್ಲಿ ಸಂಬಳವಿಲ್ಲ, ಭತ್ತೆ ಮಾತ್ರ. ಮಾಲು ಬಿದ್ದರೆ ತಪ್ಪೆಲ್ಲ ಅವನದು. ಕಟ್ಟು ಸರಿಯಿಲ್ಲ ಎಂದರೆ ಬೇರೆಯವನನ್ನು ಹತ್ತಿಸುತ್ತಾರೆ. ಅವನ ತಾಯಿಯೇ ಬೇಡಪ್ಪಾ ಎನ್ನುತ್ತಾಳೆ. ಕಲಿಯುವ ಹುಡುಗನಿಗೆ ಪೂರ್ತಿ ಕೂಲಿ ಕೊಡಿ. ಇಂಥವನ ಕೈಯಲ್ಲಿ ಕಲಿತೆ ಎಂದು ಹೇಳಿಕೊಳ್ಳಬಹುದಾದ ಒಬ್ಬ ಹಿರಿಯ ಚಾಲಕನನ್ನು ಅವನಿಗೆ ಗೊತ್ತುಮಾಡಿ, ಕಲಿಸಿದ್ದಕ್ಕೆ ಆ ಹಿರಿಯನಿಗೂ ಟ್ರಿಪ್ಪಿನ ಮೇಲೆ ಇಷ್ಟು ಎಂದು ಕೊಡಿ. ಜಾರುಗಂಟು ಬಲ್ಲ ಕೈಗಳು ಮನೆಯಲ್ಲಿ ಸುಮ್ಮನೆ ಕೂತಿವೆ. ಅವರ ಜೊತೆ ರ‍್ಯಾಚೆಟ್ ಬಲ್ಲ ಹುಡುಗರನ್ನು ಕೂರಿಸಿದರೆ ಎರಡು ತಲೆಮಾರಿನ ಜಗಳವೂ ನಿಲ್ಲುತ್ತದೆ.

ಜಿನ್ನಿಂಗ್ ಮಿಲ್ಲುಗಳು ಮಳೆಗಾಲದಲ್ಲಿ ನಿಂತಿರುತ್ತವೆ, ಅಂಗಳ ಖಾಲಿ. ಯಾದಗಿರಿ ಶಹಾಪುರದ ಲಾರಿ ಮಾಲೀಕರು ಸೇರಿ ಅಂಥ ಒಂದು ಅಂಗಳ ಕೇಳಿಕೊಳ್ಳಲಿ. ಒಂದು ಹಳೆಯ ಟ್ರೇಲರ್, ನಾಲ್ಕು ಕಬ್ಬಿಣದ ತೊಲೆ, ಹತ್ತು ಅಂಡಿಗೆ, ಎಂಟು ಬೆಲ್ಟು, ನಾಲ್ಕು ಚೈನು ಅಲ್ಲಿರಲಿ. ಹತ್ತಿ ಬಿಡಿಸುವ ಮುಂಚೆ, ಸೆಪ್ಟೆಂಬರಿನಲ್ಲೇ ಕೆಲಸ ಶುರುವಾಗಲಿ. ಎಂಟು ಬೆಲ್ಟಿನ ಪೈಕಿ ಎರಡನ್ನು ನಾನು ತರುತ್ತೇನೆ.